ಬರಲಿರುವ ಉತ್ತರಕ್ಕೆ ಸೇತುವೆ

ಕೆಲಸದ ನಡುವೆ ತಂಗಿ, ತಂಗಿದ ಸ್ಥಳದಿಂದಲೇ ಮತ್ತೆ ಮುಂದುವರಿಯಬಲ್ಲ ಕ್ರಮವಿಧಿಯನ್ನು ನಾವು ಕೊರೂಟೀನ್ ಎನ್ನುತ್ತೇವೆ. ಇದನ್ನು 1963ರಲ್ಲಿ ಮೆಲ್ವಿನ್ ಕಾನ್ವೇ ಅವರು ಲೇಖನವೊಂದರಲ್ಲಿ ವಿವರಿಸಿದರು. ಮುಂದೆ ದೊರೆಯಲಿರುವ ಉತ್ತರಕ್ಕಾಗಿ, ಸಾಹುಕಾರನ ಹುಂಡಿಯಂತೆ, ಈಗಲೇ ಕೈಸೇರುವ ವಸ್ತುವೇ ಜಾವಾದ ಕಂಪ್ಲೀಟಬಲ್ ಫ್ಯೂಚರ್ ಮತ್ತು ಜಾವಾಸ್ಕ್ರಿಪ್ಟಿನ ಪ್ರಾಮಿಸ್. ಕಾಟ್ಲಿನ್ ಭಾಷೆಯ ಕೊರೂಟೀನು ಈ ಎರಡು ನೆಲೆಗಳಲ್ಲಿಯೂ ದುಡಿಯುವುದರಿಂದ ಎರಡಕ್ಕೂ ಸೇತುವೆ ಬೇಕು.

ಆ ಸೇತುವೆಯ ಹೆಸರು 'ಅವೇಟ್'. ಅದನ್ನು ಕರೆದೊಡನೆ ಕೊರೂಟೀನು ತನ್ನ ಮುಂದಿನ ಹೆಜ್ಜೆಯನ್ನು ಹುಂಡಿಗೆ ಒಪ್ಪಿಸಿ ತಂಗುತ್ತದೆ. ಉತ್ತರವಾಗಲಿ ದೋಷವಾಗಲಿ ಅದೇ ಸ್ಥಳಕ್ಕೆ ಬಂದು ಮುಟ್ಟುತ್ತದೆ.

ಆದರೆ ಕೊರೂಟೀನನ್ನು ನಡುವೆಯೇ ರದ್ದುಪಡಿಸಿದರೆ? ಫ್ಯೂಚರಿಗೆ ರದ್ದತಿಯ ಆಜ್ಞೆಯನ್ನು ಸೇತುವೆ ದಾಟಿಸಬಲ್ಲದು. ಪ್ರಾಮಿಸಿಗೆ ಅಂತಹ ಬಾಗಿಲೇ ಇಲ್ಲ. ಕಾಯುವವರು ಹೊರಟುಹೋದರೂ ಅದರ ಹಿಂದಿನ ಕೆಲಸ ನಡೆದೇ ಇರುತ್ತದೆ. ಅದನ್ನು ನಿಲ್ಲಿಸುವ ಏರ್ಪಾಡನ್ನು ನಾವೇ ಬೇರೆಯಾಗಿ ಮಾಡಿಕೊಳ್ಳಬೇಕೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.