ಹೆಸರುಪಟ್ಟಿ ಆಮೇಲೆ ಓದಿ

ಚಿತ್ರಕಲೆ ನಮಗೆ ಅರ್ಥವಾಗುವುದಿಲ್ಲ ಎಂದು ಗ್ಯಾಲರಿಯ ಬಾಗಿಲಿಂದಲೇ ವಾಪಸಾಗಬೇಡಿ. ಸಂಗೀತಕ್ಕೆ ಕಿವಿ ಪಳಗುವಂತೆ ಚಿತ್ರಕ್ಕೆ ಕಣ್ಣು ಪಳಗಬೇಕು, ಅಷ್ಟೇ.

ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಅಲ್ಲಿನ ನೂರಾರು ಚಿತ್ರಗಳನ್ನು ಒಂದೇ ಉಸಿರಿಗೆ ನೋಡಿ ಮುಗಿಸದೆ, ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಐದು ನಿಮಿಷ ನಿಲ್ಲಿ. ಹೆಸರುಪಟ್ಟಿ ಆಮೇಲೆ ಓದಿದರಾಯಿತು. ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ದೀಪಕ್ಕೆ ಅಂಗೈ ಮರೆಯಾಗಿದೆ; ಆದರೂ ಬೆರಳುಗಳು ಕೆಂಪೇರಿವೆ, ಮುಖಕ್ಕೆ ಹೊಂಬಣ್ಣ ಬಂದಿದೆ. ಇಷ್ಟೆಲ್ಲ ಬರೀ ಜಲವರ್ಣದಲ್ಲಿ! ತಪ್ಪಿದರೆ ತಿದ್ದುವುದು ಬಲು ಕಷ್ಟದ ಮಾಧ್ಯಮವದು. ಅದು ತಿಳಿದ ಮೇಲೆ ಇನ್ನೊಮ್ಮೆ ನೋಡಿ.

ಆಕಾರವೇ ಗುರುತು ಸಿಗದ ಚಿತ್ರ ಎದುರಾದರೆ ‘ಇದರ ಅರ್ಥವೇನು?’ ಎಂಬ ಪ್ರಶ್ನೆಯನ್ನು ಬದಿಗಿಡಿ. ಯಾವ ಬಣ್ಣ ಮುಂದೆ ಬರುತ್ತಿದೆ, ಯಾವುದು ಹಿಂದೆ ಸರಿಯುತ್ತಿದೆ, ಕಣ್ಣು ಎಲ್ಲಿ ತಂಗುತ್ತಿದೆ ಎಂದು ಗಮನಿಸಿ. ಬೆಂಗಳೂರಿನ ಚಿತ್ರಸಂತೆಯಲ್ಲಂತೂ ಕಲಾವಿದರೇ ಸಿಗುತ್ತಾರೆ. ಬೆಲೆಗಿಂತ ಮೊದಲು ‘ಹೇಗೆ ಮಾಡಿದಿರಿ?’ ಎಂದು ಕೇಳಿ.

ಇಷ್ಟವಾಗದಿದ್ದರೆ ಸಂಕೋಚವಿಲ್ಲದೆ ಹಾಗೆಂದು ಹೇಳಿ. ಆದರೆ ಯಾಕೆ ಎಂಬುದಕ್ಕೆ ಚಿತ್ರದೊಳಗಿನಿಂದಲೇ ಒಂದು ಕಾರಣ ತೋರಿಸಿ.