ಕಟ್ಟಿದವರು ಮತ್ತು ಕಾಯುವವರು

ಬೇಸಗೆಯ ಮಧ್ಯಾಹ್ನ ಬೆಂಗಳೂರಿನ ಶಿವಾಜಿನಗರದ ಬೀದಿಗಳಲ್ಲಿ ನಡೆಯುವವರಿಗೆ ಒಂದಲ್ಲ ಒಂದು ಅಂಗಡಿಯ ಮುಂದೆ ನೀರು ತುಂಬಿದ ಮಣ್ಣಿನ ಮಡಕೆ ಕಣ್ಣಿಗೆ ಬೀಳುತ್ತದೆ. ಮಡಕೆಗೆ ಒದ್ದೆ ಬಟ್ಟೆ ಸುತ್ತಿರುತ್ತಾರೆ. ಬಾಯಿಗೊಂದು ತಟ್ಟೆ, ತಟ್ಟೆಯ ಮೇಲೊಂದು ಲೋಟ. ದಣಿದ ಹಮಾಲಿ, ಸೊಪ್ಪು ಮಾರುವ ಮುದುಕಿ, ಶಾಲೆಯಿಂದ ಮರಳುವ ಹುಡುಗ, ಯಾರು ಬೇಕಾದರೂ ಅಲ್ಲಿ ನಿಂತು ನೀರು ಕುಡಿದು ಮುಂದೆ ಹೋಗಬಹುದು. ದಾರಿಹೋಕರಿಗೆ ಧರ್ಮಾರ್ಥವಾಗಿ ನೀರು ಕೊಡುವ ಇಂಥ ತಾಣವನ್ನು ನಮ್ಮ ಹಿರಿಯರು ಅರವಟಿಗೆ ಎಂದು ಕರೆದರು. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಛತ್ರ ಕಟ್ಟಿಸುವುದು, ಅರವಟಿಗೆ ಇಡುವುದು, ಇವೆಲ್ಲ ಪುಣ್ಯಕಾರ್ಯಗಳೆಂದು ನಾಡಿನ ಶಾಸನಗಳು ಮತ್ತೆ ಮತ್ತೆ ಕೊಂಡಾಡಿವೆ.

ಅರವಟಿಗೆಯನ್ನು ಇಟ್ಟವರ ಹೆಸರು ಒಮ್ಮೊಮ್ಮೆ ಹಲಗೆಯ ಮೇಲೆ ಬರೆದಿರುತ್ತದೆ. ಆದರೆ ದಿನವೂ ಬೆಳಿಗ್ಗೆ ಆ ಮಡಕೆಯನ್ನು ತೊಳೆದು, ಹಳೆಯ ನೀರು ಚೆಲ್ಲಿ, ಹೊಸ ನೀರು ತುಂಬಿ, ಕಳೆದುಹೋದ ಲೋಟಕ್ಕೆ ಬದಲಾಗಿ ಇನ್ನೊಂದನ್ನು ತಂದಿಡುವವರು ಯಾರು? ಅವರ ಹೆಸರು ಎಲ್ಲಿಯೂ ಇಲ್ಲ. ಆ ಅನಾಮಧೇಯ ಕೈ ಒಂದು ವಾರ ಬಿಡುವು ಮಾಡಿಕೊಂಡರೆ ಸಾಕು, ನೀರಿನಲ್ಲಿ ಹುಳು ಆಡುತ್ತವೆ. ಧರ್ಮದ ಮಡಕೆಯೇ ರೋಗದ ಮಡಕೆಯಾಗುತ್ತದೆ. ದಾನವೆಂಬುದು ಒಂದು ದಿನದ ಕೆಲಸ, ಅದನ್ನು ಕಾಪಾಡುವುದು ಅನುದಿನದ ಕೆಲಸ. ಬೆಂಗಳೂರಿನ ಪೂರ್ವಭಾಗದ ಚರಿತ್ರೆಯಲ್ಲಿ ಇವೆರಡರ ಸಂಬಂಧವನ್ನು ಸ್ಪಷ್ಟವಾಗಿ ಕಾಣಬಹುದು.

ಶ್ರೀರಂಗಪಟ್ಟಣದ ಹವೆ ತಮ್ಮ ಸೈನಿಕರಿಗೆ ಒಗ್ಗದೆ ಹೋದುದರಿಂದ ಬ್ರಿಟಿಷರು ಬೆಂಗಳೂರಿಗೆ ಬಂದು, 1809ರ ವೇಳೆಗೆ ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದರು. ‘ದಂಡು’ ಎಂಬ ಹೆಸರು ಇಂದಿಗೂ ಹಿರಿಯರ ಬಾಯಲ್ಲಿ ಉಳಿದಿದೆ. ದಂಡಿನ ಹಿಂದೆ ಗುತ್ತಿಗೆದಾರರು, ವರ್ತಕರು, ಗಾರೆ ಕೆಲಸದವರು, ದರ್ಜಿಗಳು, ಅಡುಗೆಯವರು ಬಂದರು. ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುವ ಊರು ಅದು. ಪೇಟೆ ಬೆಂಗಳೂರು ಮತ್ತು ದಂಡು 1949ರಲ್ಲಿ ಒಂದೇ ನಗರಪಾಲಿಕೆಯ ಆಡಳಿತಕ್ಕೆ ಸೇರುವವರೆಗೆ ಇವೆರಡೂ ಬೇರೆ ಬೇರೆ ಪಟ್ಟಣಗಳಂತೆಯೇ ಬೆಳೆದವು.

ಇಂಥ ಊರಿನಲ್ಲಿ ದುಡಿದು ಹಣ ಗಳಿಸಿದವರು ಕೆಲವರು ಆ ಹಣವನ್ನು ಊರಿಗೇ ಹಿಂದಿರುಗಿಸಿದರು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಅಂಥವರಲ್ಲಿ ಒಬ್ಬರು. ಇಂದು ಕರ್ನಾಟಕದ ಉಚ್ಚ ನ್ಯಾಯಾಲಯವಿರುವ ಕೆಂಪು ಬಣ್ಣದ ಅಠಾರ ಕಚೇರಿಯನ್ನು ಗುತ್ತಿಗೆ ಹಿಡಿದು ಕಟ್ಟಿದವರು ಇವರೇ. ಹದಿನೆಂಟು ಇಲಾಖೆಗಳಿಗೆಂದು ನಿರ್ಮಾಣವಾದ ಆ ಕಟ್ಟಡ 1868ರಲ್ಲಿ ಪೂರ್ಣಗೊಂಡಿತು. ಐದು ವರ್ಷಗಳ ತರುವಾಯ, 1873ರಲ್ಲಿ, ದಂಡಿನ ಬಡ ಮಕ್ಕಳಿಗಾಗಿ ಅವರೊಂದು ಉಚಿತ ಶಾಲೆಯನ್ನು ತೆರೆದರು. ಅದರಿಂದ ಬೆಳೆದ ವಿದ್ಯಾಸಂಸ್ಥೆಗಳು ಹಲಸೂರು ಕೆರೆಯ ಆಸುಪಾಸಿನಲ್ಲಿ ಇಂದಿಗೂ ನಡೆಯುತ್ತಿವೆ. ಅಠಾರ ಕಚೇರಿಯನ್ನು ನೋಡಲು ಬರುವವರು ಬಹಳ; ಶಾಲೆಯನ್ನು ನೋಡಲು ಯಾರೂ ಬರುವುದಿಲ್ಲ. ಆದರೂ ಮೊದಲಿಯಾರರ ನಿಜವಾದ ಕಟ್ಟಡ ಯಾವುದೆಂದು ಕೇಳಿದರೆ ನಾನು ಶಾಲೆಯ ಕಡೆಗೇ ಬೆರಳು ತೋರಿಸುತ್ತೇನೆ. ಕಚೇರಿಯ ಕಲ್ಲು ತನ್ನಷ್ಟಕ್ಕೆ ನಿಂತೀತು. ಶಾಲೆ ಹಾಗಲ್ಲ, ಅದನ್ನು ಒಂದೂವರೆ ಶತಮಾನದುದ್ದಕ್ಕೂ ಪ್ರತಿ ವರ್ಷ ಹೊಸದಾಗಿ ನಡೆಸಬೇಕಾಯಿತು. ಶಿವಾಜಿನಗರದಲ್ಲಿರುವ ಗೋಶಾ ಆಸ್ಪತ್ರೆಯೂ ಹೀಗೆಯೇ ಬಂದದ್ದು. ಪರದೆಯ ಹೆಂಗಸರು ಸಂಕೋಚವಿಲ್ಲದೆ ಚಿಕಿತ್ಸೆ ಪಡೆಯಲೆಂದು ರೂಪುಗೊಂಡ ಆ ಆಸ್ಪತ್ರೆ, ಅದಕ್ಕೆ ಧನವಿತ್ತ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರನ್ನು ಹೊತ್ತಿದೆ.

ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಕ್ಕೆ ಸಾಗಿದರೆ ಇಂದಿರಾನಗರದ ಅಂಚು ಕಳೆದು ಕೃಷ್ಣರಾಜಪುರ ಬರುತ್ತದೆ. ಅದನ್ನೂ ದಾಟಿದ ಮೇಲೆ ರಸ್ತೆಯ ಮಗ್ಗುಲಿಗೆ ವಿಶಾಲವಾದ ಕೆರೆಯೊಂದು ಕಾಣುತ್ತದೆ. ಅದರ ಹೆಸರು ಎಲೆ ಮಲ್ಲಪ್ಪಶೆಟ್ಟಿ ಕೆರೆ. ಕೆರೆಗಳಿಗೆ ಅರಸರ, ಪಾಳೆಯಗಾರರ, ದೇವತೆಗಳ ಹೆಸರಿರುವುದು ವಾಡಿಕೆ. ಈ ಕೆರೆಗೆ ವೀಳ್ಯದೆಲೆ ಮಾರಿ ಬದುಕಿದ ವ್ಯಾಪಾರಿಯ ಹೆಸರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಮಲ್ಲಪ್ಪಶೆಟ್ಟರು ಬರಗಾಲದಲ್ಲಿ ಜನ ನೀರಿಗಾಗಿ ಪಡುತ್ತಿದ್ದ ಪಾಡನ್ನು ಕಂಡು, ಎಲೆಯ ವ್ಯಾಪಾರದಲ್ಲಿ ಕೂಡಿಟ್ಟ ಹಣದಿಂದ ಇದನ್ನು ಕಟ್ಟಿಸಿದರೆಂದು ಜನ ನೆನೆಯುತ್ತಾರೆ. ಆ ಶತಮಾನದ ಬರ ಎಂಥದೆಂಬುದನ್ನು ಅಂಕಿಗಳೇ ಹೇಳುತ್ತವೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷವನ್ನು ಮೀರಿತ್ತು. 1876ರಿಂದ 1878ರವರೆಗೆ ಮಹಾಕ್ಷಾಮ ಬಡಿಯಿತು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು ನಲವತ್ತೆರಡು ಲಕ್ಷ.

ವೀಳ್ಯದೆಲೆಯ ವ್ಯಾಪಾರವನ್ನು ಬಲ್ಲವರಿಗೆ ಈ ಕಥೆಯಲ್ಲಿ ಒಂದು ಸ್ವಾರಸ್ಯ ಕಂಡೀತು. ಎಲೆಯನ್ನು ಕೊಂಡು ತಂದು ಬುಟ್ಟಿಯಲ್ಲಿಟ್ಟು ಮರೆತುಬಿಡುವಂತಿಲ್ಲ. ಹೊತ್ತು ಹೊತ್ತಿಗೆ ನೀರು ಚಿಮುಕಿಸಬೇಕು, ಕಟ್ಟು ಬಿಚ್ಚಿ ತಿರುವಿ ಹಾಕಬೇಕು, ಕೊಳೆತ ಎಲೆಯನ್ನು ಆರಿಸಿ ಎಸೆಯಬೇಕು. ಇಲ್ಲದಿದ್ದರೆ ಒಂದು ಎಲೆಯ ಕೊಳೆ ಇಡೀ ಕಟ್ಟಿಗೆ ಹತ್ತುತ್ತದೆ.

ಕೆರೆಯ ಸ್ವಭಾವವೂ ಹಾಗೆಯೇ. ಏರಿ, ತೂಬು, ಕೋಡಿ ಇವು ಕೆರೆಯ ಅಂಗಗಳು. ಏರಿ ನೀರನ್ನು ತಡೆಯುತ್ತದೆ, ತೂಬು ಗದ್ದೆಗೆ ಬಿಡುತ್ತದೆ, ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಮುಂದಿನ ಕೆರೆಯನ್ನು ಸೇರುತ್ತದೆ. ಪ್ರತಿ ಮಳೆಗಾಲವೂ ನೀರಿನೊಡನೆ ಮಣ್ಣನ್ನು ತಂದು ತುಂಬುತ್ತದೆ. ಆ ಹೂಳನ್ನು ತೆಗೆಯದಿದ್ದರೆ ಕೆರೆ ಕ್ರಮೇಣ ಬಯಲಾಗುತ್ತದೆ. ಇದನ್ನು ಅರಿತಿದ್ದ ಹಿಂದಿನವರು ಕೆರೆ ಕಟ್ಟಿಸಿದವನನ್ನು ಹೊಗಳಿ ಸುಮ್ಮನಾಗಲಿಲ್ಲ. ಕೆರೆಯನ್ನು ನೋಡಿಕೊಳ್ಳುವವನಿಗೆ ‘ಕಟ್ಟುಕೊಡಗೆ’ ಎಂಬ ಹೆಸರಿನಲ್ಲಿ ಭೂಮಿಯನ್ನು ಬಿಟ್ಟರು. ಹೂಳು ಹೊರುವ ಬಂಡಿಗಳ ಖರ್ಚಿಗೆಂದು ದತ್ತಿ ಬಿಟ್ಟುದನ್ನು ಶಾಸನಗಳಲ್ಲಿ ಬರೆಸಿದರು. ತೂಬು ತೆರೆದು ಮುಚ್ಚಲು ನೀರುಗಂಟಿಯನ್ನು ನೇಮಿಸಿದರು. ಬೇಸಗೆಯಲ್ಲಿ ಊರಿನವರು ಕೆರೆಯಂಗಳಕ್ಕೆ ಇಳಿದು ಗೋಡುಮಣ್ಣನ್ನು ತೆಗೆದು ತಮ್ಮ ಹೊಲಗಳಿಗೆ ಹಾಕಿಕೊಂಡರು. ಊರ ಸೇವೆ ಮತ್ತು ಸ್ವಂತ ಲಾಭ ಎರಡೂ ಒಂದೇ ಬುಟ್ಟಿಯಲ್ಲಿ ಏರಿಯನ್ನು ಹತ್ತಿದವು.

ನಲ್ಲಿಯ ನೀರು ಬಂದ ಮೇಲೆ ಕೆರೆಯ ನೀರು ಯಾರಿಗೂ ಬೇಡವಾಯಿತು. ಗದ್ದೆಗಳು ನಿವೇಶನಗಳಾದವು, ನೀರುಗಂಟಿಗೆ ಕೆಲಸವಿಲ್ಲದಾಯಿತು. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ ಎಂದು ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿದು ಬರುವ ಸರಣಿಯಲ್ಲಿ ಎಲೆ ಮಲ್ಲಪ್ಪಶೆಟ್ಟಿ ಕೆರೆ ಕೆಳಗಿನದು. ಆದ್ದರಿಂದ ನಗರ ಚೆಲ್ಲಿದ ಕೊಳಚೆಯೂ ಅದೇ ದಾರಿಯಲ್ಲಿ ಇಳಿದು ಅಲ್ಲಿಗೆ ಬಂದು ಸೇರಿದೆ. ಬರಗಾಲಕ್ಕೆ ಉತ್ತರವಾಗಿ ಹುಟ್ಟಿದ ಕೆರೆಯ ನೀರನ್ನು ಇಂದು ಬೊಗಸೆಯಲ್ಲಿ ಎತ್ತಿ ಕುಡಿಯುವ ಧೈರ್ಯ ಯಾರಿಗಿದೆ? ಶೆಟ್ಟರ ದಾನದಲ್ಲಿ ಕೊರತೆಯಿರಲಿಲ್ಲ. ಅವರ ತರುವಾಯ ದಿನದಿನದ ಆರೈಕೆಯ ಪಾಲನ್ನು ಹೊರಬೇಕಾಗಿದ್ದವರು ಹೊರಲಿಲ್ಲ.

ಆ ಪಾಲನ್ನು ಹೊರುವುದು ಹೇಗೆಂಬುದಕ್ಕೆ ಉದಾಹರಣೆ ಬೇಕಾದರೆ ಹಲಸೂರು ಕೆರೆಯ ದಡದಲ್ಲಿರುವ ಗುರುದ್ವಾರಕ್ಕೆ ಹೋಗಬೇಕು. ಅಲ್ಲಿ ನಡೆಯುವ ಸಾಮೂಹಿಕ ಭೋಜನಕ್ಕೆ ಲಂಗರ್ ಎಂದು ಹೆಸರು. ಗುರುನಾನಕರ ಕಾಲದಿಂದ ಬಂದಿರುವ ಈ ಪದ್ಧತಿಯಲ್ಲಿ ಜಾತಿ ಮತಗಳನ್ನು ಕೇಳುವುದಿಲ್ಲ. ತಲೆಗೆ ವಸ್ತ್ರ ಹೊದ್ದು ಬಂದವರೆಲ್ಲ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಊಟಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಅಡುಗೆಮನೆ. ಈರುಳ್ಳಿ ಹೆಚ್ಚುವವರು, ಹಿಟ್ಟು ನಾದುವವರು, ರೊಟ್ಟಿ ಬೇಯಿಸುವವರು, ಎಂಜಲು ತಟ್ಟೆ ಬೆಳಗುವವರು, ಬಾಗಿಲಲ್ಲಿ ಪಾದರಕ್ಷೆಗಳನ್ನು ಕಾಯುವವರು ಎಲ್ಲರೂ ಸ್ವಇಚ್ಛೆಯಿಂದ ಬಂದವರು. ಅಧಿಕಾರಿಯೂ ಅಂಗಡಿಯವನೂ ಒಂದೇ ತೊಟ್ಟಿಯ ಬಳಿ ಕುಳಿತು ತಟ್ಟೆ ತೊಳೆಯುತ್ತಾರೆ. ಗೋಧಿಯ ಮೂಟೆಯನ್ನು ಕಳುಹಿಸಿ ಮನೆಯಲ್ಲಿ ಕುಳಿತುಕೊಂಡರೆ ಅಲ್ಲಿ ಸೇವೆ ಪೂರ್ಣವಾಗುವುದಿಲ್ಲ. ಕೈಗೆ ಹಿಟ್ಟು ಅಂಟಬೇಕು.

ಕೆರೆಗಳ ವಿಷಯದಲ್ಲಿಯೂ ಇಂಥ ಕೈಗಳು ಮತ್ತೆ ಕಾಣಿಸಿಕೊಂಡಿವೆ. ನಗರದ ಆಗ್ನೇಯಕ್ಕೆ ಸರ್ಜಾಪುರ ರಸ್ತೆಯ ಬದಿಯಲ್ಲಿ ಕೈಕೊಂಡ್ರಹಳ್ಳಿ ಕೆರೆ ಇದೆ. ಅದು ಒಂದು ಕಾಲಕ್ಕೆ ಒಣಗಿ, ಕಸ ಸುರಿಯುವ ತಾಣವಾಗುವ ಹಂತಕ್ಕೆ ಬಂದಿತ್ತು. 2010ರ ಆಸುಪಾಸಿನಲ್ಲಿ ಪಾಲಿಕೆ ಹಣ ಒದಗಿಸಿ ಅದನ್ನು ಪುನರುದ್ಧಾರ ಮಾಡಿತು. ಸುತ್ತಲಿನ ನಿವಾಸಿಗಳು ಯೋಜನೆಯಲ್ಲಿ ಪಾಲ್ಗೊಂಡರು. ಕೆಲಸ ಮುಗಿದ ಮೇಲೂ ಮನೆಗೆ ಹೋಗಲಿಲ್ಲ. ಬೆಳಗಿನ ನಡಿಗೆಗೆ ಬರುವವರೇ ಕೆರೆಯ ಕಾವಲುಗಾರರಾದರು. ಒಳಹರಿವಿನ ಕಾಲುವೆಯಲ್ಲಿ ನೀರಿನ ಬಣ್ಣ ಬದಲಾದರೆ, ಮೀನು ಸತ್ತು ತೇಲಿದರೆ, ಏರಿಯಲ್ಲಿ ಬಿರುಕು ಕಂಡರೆ ಮೊದಲು ತಿಳಿಯುವುದು ದಿನವೂ ನೋಡುವ ಕಣ್ಣಿಗೆ. ಕೆರೆಯ ಪಕ್ಕದಲ್ಲಿಯೇ ಸರ್ಕಾರಿ ಶಾಲೆಯೊಂದಿದೆ. ನೀರಿಗೆ ಬಂದಿಳಿಯುವ ಹಕ್ಕಿಗಳ ಹೆಸರನ್ನು ಆ ಶಾಲೆಯ ಮಕ್ಕಳು ಪುಸ್ತಕವಿಲ್ಲದೆಯೇ ಕಲಿಯಬಹುದು.