ಹುಳುಕಡ್ಡಿಯ ವಂಶಲಿಪಿ

ನಮ್ಮ ಹಳ್ಳಿಯಲ್ಲಿ ಹುಳುಕಡ್ಡಿಯೆಂದು ಕರೆಯುವ ಗಜಕರ್ಣಕ್ಕೆ ಹುಳು ಕಾರಣವಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರವು ಕಾರಣ. ನಮ್ಮ ತಂದೆಯವರು ಇದನ್ನು ಇಂದಿಗೂ ಒಪ್ಪುವುದಿಲ್ಲ! ಮನುಷ್ಯ, ಕುದುರೆ, ಬೆಕ್ಕುನಾಯಿ, ಮಣ್ಣು ಇವುಗಳನ್ನು ಆಶ್ರಯಿಸಿದ ಇಂಥ ಐದು ಶಿಲೀಂಧ್ರಗಳ ಸಮಗ್ರ ವಂಶಲಿಪಿ, ಅಂದರೆ ಜೀನೋಮ್, 2012ರಲ್ಲಿ ಹೋಲಿಕೆಗೆ ಒಳಗಾಯಿತು. ಪ್ರತಿಯೊಂದರಲ್ಲಿಯೂ ಸುಮಾರು 2.3 ಕೋಟಿ ಅಕ್ಷರಗಳು. ಚರ್ಮ, ಕೂದಲು, ಉಗುರುಗಳ ಕೆರಟಿನ್ನನ್ನು ಜೀರ್ಣಿಸಿಕೊಳ್ಳಲು ಬೇಕಾದ ಕಿಣ್ವಗಳ ವಂಶವಾಹಿಗಳು ಐದರಲ್ಲಿಯೂ ಹೇರಳ.

ಆದರೆ ಅಲ್ಪ ವ್ಯತ್ಯಾಸದ ಪ್ರತಾಪವನ್ನು ನೋಡಿರಿ. ಭಾರತದಲ್ಲಿ ಹಬ್ಬಿರುವ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಹೆಸರು ಪಡೆದ ಶಿಲೀಂಧ್ರದ ಅನೇಕ ತಳಿಗಳಲ್ಲಿ, ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವದ ವಂಶವಾಹಿಯೊಳಗೆ ಒಂದು ಅಕ್ಷರ ಬದಲಾಗಿದೆ. ಅಷ್ಟಕ್ಕೇ ಟರ್ಬಿನಾಫಿನ್ ಔಷಧವು ನಾಟದಾಗುತ್ತದೆ. ಅಂಗಡಿಯ ಸ್ಟಿರಾಯ್ಡ್ ಮುಲಾಮಾದರೋ ನವೆಯನ್ನಷ್ಟೇ ತಗ್ಗಿಸಿ, ಶಿಲೀಂಧ್ರಕ್ಕೆ ದಾರಿ ಬಿಡುತ್ತದೆ. ತಂದೆಯವರು ಹಚ್ಚುವುದು ಅದನ್ನೇ. ನವೆ ಅಡಗಿತೆಂದು ಅವರಿಗೆ ಸಮಾಧಾನ. ಉಂಗುರ ಮಾತ್ರ ಹಿಗ್ಗುತ್ತಲೇ ಇದೆ.